ಎಳ್ಳಮಾಸೆಯ ಅಂಬಲಿ ಬಾಟಲಿ

ನಮ್ಮೂರಲ್ಲಿ ತೊಗರಿಗೆ ಹೊಡೆದು ಉಳಿದ ಹುಳದ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಹಳೆಯ ಕೋಲಾ ಬಾಟಲಿಯಲ್ಲಿ ತುಂಬಿಡುವುದು ರೂಢಿ. ನೀರು ಕಲೆಸಿದ ಮೇಲೆ ಅದು ಮಜ್ಜಿಗೆಯಂತೆ ಬೆಳ್ಳಗಿರುತ್ತದೆ. ಹಾಗೆ ಇಡಬೇಡಿ, ಮಕ್ಕಳು ಕುಡಿದಾರು ಎಂದು ಹೇಳಲು ಅಂಗನವಾಡಿ ಕಾರ್ಯಕರ್ತೆಯಾದ ನಾನು ಸಭೆ ಕರೆದೆ. ದೊಡ್ಡವರು ಯಾರೂ ಬರಲಿಲ್ಲ. ಕೊನೆಗೆ ಮಕ್ಕಳಿಗೇ ಕಲಿಸಿದೆ: ಹೊಲದಲ್ಲಿ ಬಾಟಲಿ ಕಂಡರೆ ಮುಟ್ಟಬೇಡಿ, ಜೋರಾಗಿ ಕೂಗಿ.

"ಹುಡುಗರಿಗಿ ಕೂಗೂದು ಕಲಿಸ್ಲಿಕ್ಕ ಸರಕಾರ ಪಗಾರ ಕೊಡ್ತದ! ನಮ್ಮ ಸಪ್ನಾ ಹುಟ್ಟಿದ್ದೇ ಕೂಗಕೋತ," ಎಂದು ಮಾವ ಮಹಾದೇವಪ್ಪ ನನ್ನ ಮಗಳನ್ನು ತೋರಿಸಿ ನಕ್ಕಿದ್ದರು.

ಹೊಲಪೂಜೆಯ ಎಳ್ಳಮಾಸೆ ಬಂತು. ಕಾಸಾರಶಿರಸಿಯಿಂದ ಬೀಗರು ಬಂದರು. ಹೊಲದಲ್ಲಿ ಜೋಳದ ಕಣಿಕೆಯಿಂದ ಗುಡಿಸಲಿನಂಥ ಕೊಂಪೆ ಕಟ್ಟಿ ಪೂಜೆ ಮುಗಿಸಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಬಡಿಸಿದೆವು. ಮಾವನ ಅಂಬಲಿಗೆ ಸುತ್ತಲಿನವರೂ ಹುಡುಕಿಕೊಂಡು ಬರುತ್ತಾರೆ. ಈ ಸಲ ಅವರು ಪೂಜೆಗೊಂದು ಗಡಿಗೆ ಬಿಟ್ಟು ಉಳಿದದ್ದನ್ನೆಲ್ಲ ಕೋಲಾ ಬಾಟಲಿಗಳಲ್ಲಿ ತಂದು ಕೊಂಪೆಯ ಹಿಂದಿನ ಮರದ ನೆರಳಿಗೆ ಇಟ್ಟಿದ್ದರು.

ಅವರು ಒಂದನ್ನು ಎತ್ತಿದ್ದೇ ತಡ, ಸಪ್ನಾ ಚೀರಿದಳು: "ಬಾಟ್ಲೀ! ಬಾಟ್ಲೀ!" ಊಟಕ್ಕೆ ಕೂತಿದ್ದ ಮಕ್ಕಳೆಲ್ಲ ಎದ್ದು ಅದೇ ಕೂಗು ಹಾಕಿದರು. ಪಕ್ಕದ ಹೊಲದವರು ಓಡಿ ಬಂದರು.

"ಏ, ಅಂಬಲಿ ಅದವ್ವಾ! ಬೀಗರ ಮುಂದ ಮಾನ ಕಳೀಬ್ಯಾಡ," ಎಂದು ಮಾವ ನನ್ನ ಕಡೆ ತಿರುಗಿದರು. "ನೋಡು ನಿನ್ನ ಶಾಣ್ಯಾತನ! ನಾನೇ ಕುಡದು ತೋರಸ್ತೀನಿ."

ಮುಚ್ಚಳ ತಿರುಗಿಸಿದ ಕೈ ಅಲ್ಲೇ ನಿಂತಿತು. ಹುಳದ ಎಣ್ಣೆಯ ಘಾಟು ನನ್ನ ಮೂಗಿಗೂ ಬಡಿಯಿತು. ಮೊನ್ನೆ ತೊಗರಿಗೆ ಹೊಡೆದು ಉಳಿದದ್ದನ್ನು ಅದೇ ನೆರಳಲ್ಲಿ ಅವರೇ ಇಟ್ಟು ಮರೆತಿದ್ದರು.

ಮಾವ ಮುಚ್ಚಳ ಬಿಗಿದು ಆ ಬಾಟಲಿಯನ್ನೂ ಅಂಬಲಿಯ ಬಾಟಲಿಗಳನ್ನೂ ದೂರ ಇಟ್ಟರು. ಕೈ ತಿಕ್ಕಿ ತಿಕ್ಕಿ ತೊಳೆದು ಬಂದು ಸಪ್ನಾಳನ್ನು ಹೆಗಲ ಮೇಲೆ ಕೂರಿಸಿಕೊಂಡರು.

"ಇನ್ನೂ ಜೋರ ಕೂಗು, ನನ್ನವ್ವಾ. ಎಲ್ಲಾರ ಹೊಲಕ್ಕೂ ಹೋಗೂಣು."

ಅಂದು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವವರ 'ಹುಲ್ಲುಲ್ಲಿಗ್ಯೋ' ಕೂಗಿನ ಬೆನ್ನಿಗೆ ಮಕ್ಕಳ "ಬಾಟ್ಲೀ!" ಹೊಲದಿಂದ ಹೊಲಕ್ಕೆ ಹೋಯಿತು. ಮುಂದೆ ಮಾವ, ಕೈಯಲ್ಲಿ ಬಾಟಲಿ ತುಂಬಲು ಗೋಣಿಚೀಲ. ಪಕ್ಕದ ಹೊಲದ ಪ್ರಯಾಗಬಾಯಿ ತಾವಾಗಿಯೇ ಎರಡು ಬಾಟಲಿ ತಂದು ಹಾಕಿ, "ಇನ್ನೊಮ್ಮಿ ಸಭಾ ಕರಿಯವಾ, ಬರ್ತೀನಿ," ಎಂದರು.

ಮರಳಿ ಬಂದಾಗ ಅತ್ತೆ ಗುರುಬಾಯಿ ಪೂಜೆಯ ಗಡಿಗೆಯಿಂದ ಅಂಬಲಿ ಬಗ್ಗಿಸುತ್ತಿದ್ದರು. "ಗಡಗಿ ಹೊರೂದು ಭಾರ ಅಂದ್ರಲ್ಲ? ಈಗ ನಿಮ್ಮ ಮಾನ ಇದೇ ಉಳಸ್ತದ ನೋಡ್ರಿ."

ಸಪ್ನಾ ಲೋಟ ಹಿಡಿದು ಅಜ್ಜನ ಮುಖ ನೋಡಿದಳು. "ಮೊದಲ ನೀ ಕುಡಿ."

ಮಾವ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡರು. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು.

"ಇನ್ನೂ ಏನ್ ನೋಡ್ಲಿಕ್ಕತ್ತೀರೋ? ಬದುಕೀನಿ, ಕುಡೀರಿ!"