ಊರಿಗೆಲ್ಲ ಅಮ್ಮ

“ಹಿಮ ಸಾಕು, ನಿಲ್ಸಿ! ಅಮ್ಮನ ಮೂಗಿನೊಳಗೆ ಹೋಗ್ತಿದೆ!” ಎಂದು ನಿರ್ದೇಶಕ ಕೂಗಿದ.

ಏಣಿಯ ತುದಿಯಲ್ಲಿ ಕೂತವನು ಜರಡಿ ಅಲ್ಲಾಡಿಸುವುದನ್ನು ನಿಲ್ಲಿಸಿದ. ಕತ್ತರಿಸಿದ ಕಾಗದದ ಚೂರುಗಳು ಇನ್ನೂ ಸ್ವಲ್ಪ ಹೊತ್ತು ಬೀಳುತ್ತಲೇ ಇದ್ದವು. ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ ಅಮ್ಮ ಉಣ್ಣೆ ಶಾಲಿನ ಅಂಚಿನಿಂದ ಮೂಗು ಮುಚ್ಚಿಕೊಂಡು ಸೀನಿದಳು. “ನಿಮ್ಮ ಕ್ರಿಸ್‌ಮಸ್ ಮುಗಿಯೋದ್ರೊಳಗೆ ನನ್ನ ಕಥೆ ಮುಗಿಯುತ್ತೆ ನೋಡಿ,” ಎಂದಳು. ದೀಪದವರು, ಕ್ಯಾಮೆರಾದವರು, ಚಹಾ ತಂದವರು ಎಲ್ಲರೂ ನಕ್ಕರು. ಅವಳು ಏನು ಹೇಳಿದರೂ ಅವರು ನಗಲು ಸಿದ್ಧರಾಗಿಯೇ ಬಂದಿದ್ದರು.

ಹೊರಗೆ ಬಿರುಬೇಸಿಗೆ. ತಗಡಿನ ಮಾಡಿನ ಹಳೆಯ ಗೋದಾಮಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಒಳಗೆ ಚಳಿಗಾಲದ ರಾತ್ರಿ ಮಾಡಿದ್ದರು. ಮೂಲೆಯಲ್ಲಿ ಬಣ್ಣದ ಬಲ್ಬು ಸುತ್ತಿದ ಮರ, ಅದರ ಕೆಳಗೆ ಕಾಗದ ಸುತ್ತಿದ ಖಾಲಿ ಡಬ್ಬಿಗಳು. ದೀಪಗಳ ಹಿಂದೆ, ಕೇಬಲ್ಲುಗಳ ನಡುವೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗಳು ಕೂತಿದ್ದಳು. ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕು, ಮಂಡಿಗೆ ಹಚ್ಚುವ ಮುಲಾಮು, ಅಮ್ಮನ ಚಪ್ಪಲಿ. ಅಮ್ಮನ ಜೊತೆ ಓಡಾಡುವ ಕೆಲಸದವಳು ರಜೆ ಹಾಕಿದ್ದಳು. “ಮಂಡಿ ಕೈಕೊಟ್ಟಿದೆ ಕಣೇ, ಎರಡು ದಿನ ಬಾ,” ಎಂದು ಅಮ್ಮ ಫೋನ್ ಮಾಡಿದಾಗ ಇಲ್ಲವೆನ್ನಲು ಬಾಯಿ ಬಂದಿರಲಿಲ್ಲ. ಅವಳು ಕೆಲಸ ಮಾಡುವ ಕನ್ನಡಕದಂಗಡಿಯ ಮಾಲೀಕ, ರಜೆ ಯಾತಕ್ಕೆಂದು ಕೇಳಿ ತಿಳಿದು, “ಅಯ್ಯೋ, ಅವರು ನಿಮ್ಮ ಅಮ್ಮನಾ? ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ!” ಎಂದು ಬೆರಗಾಗಿದ್ದ.

ಹೇಳಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬೇಕರಿ ನಡೆಸುತ್ತ ಮೂವರು ಮಕ್ಕಳನ್ನು ಬೆಳೆಸುವ ತಾಯಿಯಾಗಿ ಅಮ್ಮ ವರ್ಷಗಟ್ಟಲೆ ಜನರ ಮನೆಮನೆಯ ಟಿವಿಯಲ್ಲಿ ಬಂದಿದ್ದಳು. ಆ ಧಾರಾವಾಹಿಯ ಹೊತ್ತಿಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಅಂದಿನಿಂದ ಹಾಲು ತರುವವನಿಗೂ, ಬ್ಯಾಂಕಿನ ಮ್ಯಾನೇಜರಿಗೂ, ದಾರಿಹೋಕರಿಗೂ ಅವಳು ಅಮ್ಮ. ಮನೆಯಲ್ಲಿ ಮಾತ್ರ ಮಗಳು ಬೀಗ ತೆಗೆದು, ತಾನೇ ಬಡಿಸಿಕೊಂಡು ಉಂಡು, ಟಿವಿ ಹಾಕಿ ಅಮ್ಮನನ್ನು ನೋಡುತ್ತಿದ್ದಳು.

ಈಗ ಚಾನೆಲ್ಲಿನವರು ಹಳೆಯ ಮಂದಿಯನ್ನೆಲ್ಲ ಕಲೆಹಾಕಿ ಒಂದು ಸಿನಿಮಾ ಮಾಡುತ್ತಿದ್ದರು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಚದುರಿಹೋದ ಮಕ್ಕಳೆಲ್ಲ ಮನೆಗೆ ಮರಳುತ್ತಾರೆ. ದೊಡ್ಡ ಮಕ್ಕಳಿಬ್ಬರ ಭಾಗ ನಿನ್ನೆಯೇ ಮುಗಿದಿತ್ತು. ಉಳಿದದ್ದು ಕೊನೆಯವಳು, ಜಗಳವಾಡಿ ಮನೆ ಬಿಟ್ಟುಹೋದ ಪುಟ್ಟಿ, ಹಿಮದಲ್ಲಿ ಬಂದು ಬಾಗಿಲು ತಟ್ಟುವ ದೃಶ್ಯ.

ಪುಟ್ಟಿಯ ಪಾತ್ರದವಳಿಗೆ ಈಗ ಕಿವಿಯ ಹತ್ತಿರ ನರೆ. ಆದರೂ ಎಲ್ಲರ ಬಾಯಲ್ಲೂ ಪುಟ್ಟಿಯೇ. ಬಿಡುವಿನಲ್ಲಿ ಅವಳು ಕೆಂಪು ಕೋಟಿನ ಗುಂಡಿ ಬಿಚ್ಚಿ, ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಮಗಳ ಪಕ್ಕ ಬಂದು ಕೂತಳು.

“ನಿಮ್ಮನ್ನ ನೋಡಿ ಎಷ್ಟು ವರ್ಷ ಆಯ್ತು! ಅಮ್ಮ ನಿಮ್ಮ ವಿಷಯ ಹೇಳೋದೇ ಇಲ್ಲಪ್ಪ.”

“ಹೇಳೋಕೆ ಏನಿದೆ,” ಎಂದಳು ಮಗಳು.

“ಹಾಗಲ್ಲ. ನನಗಂತೂ ಹೆತ್ತ ತಾಯಿಗಿಂತ ಇವರೇ ಹೆಚ್ಚು. ನನ್ನ ಮಗಳು ಹುಟ್ಟಿದಾಗ ಎರಡು ದಿನ ಆಸ್ಪತ್ರೇಲೇ ಇದ್ರು, ಗೊತ್ತಾ? ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗಿದ್ರು.”

ಮಗಳು ಫ್ಲಾಸ್ಕಿನ ಮುಚ್ಚಳವನ್ನು ಬಿಗಿ ಮಾಡಿದಳು. ಅದು ಮೊದಲೇ ಬಿಗಿಯಾಗಿತ್ತು. “ರಜೆ ಸಿಕ್ತಾ ಅಮ್ಮನಿಗೆ?”

“ರಜೆ ಎಲ್ಲಿಂದ ಬರುತ್ತೆ? ಜಗಳ ಆಡಿ ಬಂದಿದ್ರಂತೆ. ಹೋದ ಸಲದ ಹಾಗೆ ಆಗ್ಬಾರ್ದು ಅಂತಿದ್ರು. ಯಾವ ಸಲ ಅಂತ ನಾನು ಕೇಳ್ಲಿಲ್ಲ.”

ನಿರ್ದೇಶಕ ಎಲ್ಲರನ್ನೂ ಕರೆದ. ಮೂವತ್ತರ ಆಸುಪಾಸಿನವನು, ಇದೇ ಧಾರಾವಾಹಿ ನೋಡಿ ಬೆಳೆದವನು. ಅಮ್ಮನ ಎದುರು ಬಂದಾಗಲೆಲ್ಲ ಟೋಪಿ ತೆಗೆಯುತ್ತಿದ್ದ. “ಯಾಕೋ ಕೂಡ್ತಿಲ್ಲಮ್ಮಾ,” ಎಂದ. “ಬಂದ ತಕ್ಷಣ ಇಬ್ಬರೂ ಅಳ್ತಿದೀರಿ. ಚೆನ್ನಾಗೇ ಅಳ್ತಿದೀರಿ. ಆದ್ರೆ ಪುಟ್ಟಿ ಯಾಕೆ ಮನೆ ಬಿಟ್ಟಳು ಅನ್ನೋದು ಎದೆಗೆ ನಾಟ್ತಿಲ್ಲ.”

ಅಮ್ಮ ಕುರ್ಚಿಯ ಕೈಗೆ ಬೆರಳು ಬಡಿಯುತ್ತ ಯೋಚಿಸಿದಳು. “ಹೀಗೆ ಮಾಡಿದ್ರೆ ಹೇಗೆ? ಪುಟ್ಟಿಗೆ ಹೆರಿಗೆ ಆಗಿರುತ್ತೆ ಅಂತಿಟ್ಕೊಳ್ಳಿ. ಮಗು ಉಳಿದಿರಲ್ಲ. ತಾಯಿ ಬೇಕರಿಯಿಂದ ಇದ್ದ ಹಾಗೇ ಓಡಿ ಬಂದಿರ್ತಾಳೆ, ಮುಖಕ್ಕೆಲ್ಲ ಹಿಟ್ಟು ಮೆತ್ಕೊಂಡು. ಹತ್ತು ನಿಮಿಷ ನಿಂತು, ಭಟ್ಟಿಯಲ್ಲಿ ಬ್ರೆಡ್ ಇಟ್ಟಿದೀನಿ ಅಂತ ಹೊರಟುಬಿಡ್ತಾಳೆ. ಈಗ ಪುಟ್ಟಿ ಅದನ್ನ ಕೇಳ್ತಾಳೆ. ಜಾಸ್ತಿ ಬೇಡ, ಒಂದೇ ಮಾತು. ‘ಆ ಹಿಟ್ಟು ತೊಳ್ಕೊಂಡು ಬರ್ಬಾರ್ದಿತ್ತಾ ಅಮ್ಮ? ನಾನು ನಿನ್ನ ಮುಖ ನೋಡಬೇಕಿತ್ತು.’”

ಪುಟ್ಟಿ ಕೈಯಲ್ಲಿದ್ದ ರಟ್ಟನ್ನು ಮಡಿಲಿಗೆ ಇಳಿಸಿದಳು. “ಅಮ್ಮಾ,” ಎಂದ ನಿರ್ದೇಶಕ. “ಇದನ್ನ ಎಲ್ಲಿಂದ ತಂದ್ರಿ?”

“ಹೊಳೀತು,” ಎಂದಳು ಅಮ್ಮ. ಮಗಳು ಕೂತಿದ್ದ ಕತ್ತಲೆಯ ಕಡೆಗೆ ಅವಳು ತಿರುಗಿ ನೋಡಲಿಲ್ಲ.

ಅದು ಹಿಟ್ಟಾಗಿರಲಿಲ್ಲ, ಬಣ್ಣ. ವರ್ಷಗಳ ಹಿಂದೆ, ಆಸ್ಪತ್ರೆ ವಾರ್ಡಿನ ಕೊನೆಯ ಮಂಚದಲ್ಲಿ ಮಗಳು ಮಲಗಿದ್ದಳು. ಬಟ್ಟೆಯಲ್ಲಿ ಸುತ್ತಿದ್ದನ್ನು ಆಗಷ್ಟೇ ತೆಗೆದುಕೊಂಡು ಹೋಗಿದ್ದರು. ಅಮ್ಮ ಬಂದಳು. ಕೆನ್ನೆಗೆ ಗುಲಾಬಿ, ತುಟಿಗೆ ಬಣ್ಣ, ಕಣ್ಣಿಗೆ ಅಂಟಿಸಿದ ಕೃತಕ ರೆಪ್ಪೆ, ಕಾಲರಿಗೆ ಬಣ್ಣ ತಾಗದಿರಲೆಂದು ಸಿಕ್ಕಿಸಿದ್ದ ಕರವಸ್ತ್ರ ಕೂಡ ಹಾಗೇ. ಬಂದು ಹಣೆ ಸವರುವಷ್ಟರಲ್ಲಿ ನರ್ಸುಗಳು ಮುತ್ತಿಕೊಂಡರು. ಅಮ್ಮಾ ಒಂದು ಸಹಿ, ಅಮ್ಮಾ ನಮ್ಮ ಅತ್ತೆಗೆ ನೀವಂದ್ರೆ ಪ್ರಾಣ. ಒಬ್ಬಳು ಕಾಗದ ಸಿಗದೆ ಮಗಳ ಜ್ವರದ ಚಾರ್ಟನ್ನೇ ಮಗುಚಿ ಹಿಡಿದಳು. ಅಮ್ಮ ಸಹಿ ಹಾಕಿದಳು. ನಕ್ಕಳು ಕೂಡ. ಅಮ್ಮ ಹೊರಡುವಾಗ ಮಗಳು ಅದೇ ಮಾತು ಕೇಳಿದ್ದಳು. “ತೊಳ್ಕೊಂಡ್ರೆ ಮತ್ತೆ ಹಚ್ಚೋಕೆ ಎರಡು ಗಂಟೆ ಬೇಕು ಕಣೇ, ಅಷ್ಟೂ ಜನ ನನಗೋಸ್ಕರ ಕಾಯ್ತಿದಾರೆ,” ಎಂದಿದ್ದಳು ಅಮ್ಮ.

ಇವತ್ತು ಅಮ್ಮನ ಉತ್ತರ ಬೇರೆಯಾಗಿತ್ತು. ಬಾಗಿಲು ತೆರೆಯಿತು, ಹಿಮ ಸುರಿಯಿತು, ಪುಟ್ಟಿ ಆ ಮಾತು ಹೇಳಿದಳು. ಅಮ್ಮ ಬಾಗಿಲ ಹಿಡಿಯನ್ನು ಬಿಡದೆ ಹೇಳಿದಳು: “ಹಿಟ್ಟು ಒಂದು ನೆಪ, ಮಗಳೇ. ತೊಳ್ಕೊಂಡಿದ್ರೆ ನನ್ನ ಮುಖ ನಿನಗೆ ಕಾಣ್ತಿತ್ತು. ಆ ಮುಖ ತಗೊಂಡು ನಿನ್ನೆದುರು ನಿಲ್ಲೋ ಧೈರ್ಯ ನನಗಿರಲಿಲ್ಲ. ತಪ್ಪಾಯ್ತು.”

ಕಟ್ ಎನ್ನಲು ನಿರ್ದೇಶಕನಿಗೆ ಮರೆತುಹೋಯಿತು. ಏಣಿಯ ಮೇಲಿದ್ದವನು ತೋಳಿನಿಂದ ಕಣ್ಣೊರೆಸಿಕೊಂಡ. ಪುಟ್ಟಿ ಅಮ್ಮನ ಕೊರಳಿಗೆ ಜೋತುಬಿದ್ದು ಬಿಕ್ಕಿಬಿಕ್ಕಿ ಅತ್ತಳು, ಕ್ಯಾಮೆರಾ ನಿಂತ ಮೇಲೂ ಅತ್ತಳು. ಅಮ್ಮ ಅವಳ ಬೆನ್ನು ತಟ್ಟುತ್ತ, “ಆಯ್ತು, ಆಯ್ತು, ನೀರು ಕುಡಿ,” ಎನ್ನುತ್ತಿದ್ದಳು. ಮಗಳು ಕೂತಲ್ಲಿಂದ ಏಳಲಿಲ್ಲ. ಇಷ್ಟು ವರ್ಷ ಕೇಳಬೇಕೆಂದು ಕಾದಿದ್ದ ಮಾತನ್ನು ಯಾರದೋ ಮದುವೆಯ ಊಟದಂತೆ ದೂರದಿಂದ ನೋಡಿಯಾಗಿತ್ತು.

ಪುಟ್ಟಿ ತನ್ನ ಮಗಳನ್ನು ಬೇಸಿಗೆ ಶಿಬಿರದಿಂದ ಕರೆತರಬೇಕೆಂದು ಕೋಟು ಬಿಚ್ಚಿಟ್ಟು ಹೊರಟುಹೋದಳು. ಅಮ್ಮನ ಮುಖವನ್ನು ಹತ್ತಿರದಿಂದ ಕ್ಯಾಮೆರಾದಲ್ಲಿ ಹಿಡಿಯುವುದಷ್ಟೇ ಬಾಕಿ ಇತ್ತು. ನಿರ್ದೇಶಕ ಕೆಂಪು ಕೋಟು ಹಿಡಿದು ಮಗಳ ಹತ್ತಿರ ಬಂದ.

“ಅಕ್ಕಾ, ಒಂದು ಉಪಕಾರ ಮಾಡ್ಬೇಕು. ನೀವು ಪುಟ್ಟಿ ಎತ್ತರವೇ ಇದೀರಿ. ಇದನ್ನ ಹಾಕ್ಕೊಂಡು ಬಾಗಿಲ ಹತ್ರ ನಿಲ್ತೀರಾ? ಭುಜ ಮಾತ್ರ ಕಾಣುತ್ತೆ. ಆ ಒಂದು ಮಾತು ಹೇಳಿದ್ರೆ ಸಾಕು. ಹೇಗೆ ಹೇಳಿದ್ರೂ ನಡೆಯುತ್ತೆ, ಆಮೇಲೆ ಪುಟ್ಟಿ ದನಿ ಸೇರಿಸ್ತೀವಿ.”

“ಅವಳಿಗೆ ಇದೆಲ್ಲ ಬರಲ್ಲಪ್ಪ, ಬೇರೆ ಯಾರನ್ನಾದ್ರೂ ನಿಲ್ಸಿ,” ಎಂದಳು ಅಮ್ಮ ಬಾಗಿಲಿನಿಂದ.

ಮಗಳು ಎದ್ದಳು. “ಬರುತ್ತೆ,” ಎಂದಳು.

ಕೋಟಿನ ಒಳಗೆ ಪುಟ್ಟಿಯ ಬೆವರಿನ ಬಿಸಿ ಇನ್ನೂ ಆರಿರಲಿಲ್ಲ. ತಾಯಿ ಮಗಳು ಒಂದು ಮೊಳದ ಅಂತರದಲ್ಲಿ ಎದುರುಬದುರು ನಿಂತರು. ಅಮ್ಮನ ಹಣೆಯ ಬಣ್ಣ ಬೆವರಿಗೆ ಬಿರುಕುಬಿಟ್ಟು ಕೆಳಗಿನ ಸುಕ್ಕುಗಳು ಕಾಣುತ್ತಿದ್ದವು. ಅವಳು ಅವತ್ತು ಮೊದಲ ಸಲ ಮಗಳನ್ನು ನೇರವಾಗಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು.

“ಅಮ್ಮಾ, ಅವರನ್ನ ನೋಡ್ಬೇಡಿ,” ಎಂದು ನಿರ್ದೇಶಕ ಕೂಗಿದ. “ಕ್ಯಾಮೆರಾದಲ್ಲಿ ದೃಷ್ಟಿ ಕೆಳಗೆ ಹೋದ ಹಾಗೆ ಕಾಣ್ತಿದೆ. ಅವರ ಕಿವಿಯಿಂದಾಚೆ, ಕ್ಯಾಮೆರಾ ಪಕ್ಕದಲ್ಲಿ ಹಳದಿ ಟೇಪ್ ಅಂಟ್ಸಿದೀವಿ ನೋಡಿ. ಅದೇ ನಿಮ್ಮ ಮಗಳು ಅಂತಿಟ್ಕೊಳ್ಳಿ.”

ಅಮ್ಮನ ಕಣ್ಣು ಮಗಳ ಮುಖದಿಂದ ಸರಿದು ಟೇಪಿನ ಮೇಲೆ ಕೂತಿತು. ಕನ್ನಡಕದಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡುವುದೇ ಕೆಲಸವಾಗಿದ್ದ ಮಗಳಿಗೆ, ಆ ಕಣ್ಣುಗಳಿಗೆ ಈಗ ತಾನು ಒಂದು ಮಸುಕು ಮಾತ್ರವೆಂದು ಗೊತ್ತಾಯಿತು. ಹಿಮ ಬೀಳತೊಡಗಿತು.

“ಹೇಳಿ ಅಕ್ಕಾ.”

“ಆ ಬಣ್ಣ ತೊಳ್ಕೊಂಡು ಬರ್ಬಾರ್ದಿತ್ತಾ ಅಮ್ಮ?” ಎಂದಳು ಮಗಳು. “ನಾನು ನಿನ್ನ ಮುಖ ನೋಡಬೇಕಿತ್ತು.”

ಅಮ್ಮನ ಕಣ್ಣು ಟೇಪನ್ನು ಬಿಡಲಿಲ್ಲ. ಅದರಲ್ಲಿ ನೀರು ತುಂಬಿತು, ರೆಪ್ಪೆಯ ಅಂಚಿನವರೆಗೆ ಬಂದು ಅಲ್ಲೇ ನಿಂತಿತು. “ಹಿಟ್ಟು ಒಂದು ನೆಪ, ಮಗಳೇ,” ಎಂದಳು, ಮೊದಲಿಗಿಂತ ಮೆಲ್ಲಗೆ, ಒಂದಕ್ಷರವೂ ಅತ್ತಿತ್ತ ಆಗದಂತೆ.

ಚಪ್ಪಾಳೆ ತಗಡಿನ ಮಾಡಿಗೆ ಬಡಿದು ತುಂಬ ಹೊತ್ತು ಮೊಳಗಿತು.

ಬಣ್ಣದ ಕೋಣೆಯಲ್ಲಿ ಅಮ್ಮ ಕನ್ನಡಿಯ ಮುಂದೆ ಕಾಲು ಚಾಚಿ ಕೂತಳು. ಮಗಳು ನೆಲದಲ್ಲಿ ಕೂತು ಮಂಡಿಗೆ ಮುಲಾಮು ಹಚ್ಚಿದಳು.

“ಮಾತು ತಪ್ಪಿ ಹೇಳ್ಬಿಟ್ಟೆ,” ಎಂದಳು ಅಮ್ಮ. “ಪುಣ್ಯಕ್ಕೆ ನಾನು ಸುಧಾರಿಸ್ಕೊಂಡೆ.”

“ತಪ್ಪಿ ಹೇಳ್ಲಿಲ್ಲ.”

ಅಮ್ಮ ಹತ್ತಿಯಿಂದ ಕೊರಳು ಒರೆಸಿಕೊಳ್ಳುತ್ತಲೇ ಇದ್ದಳು. “ಒಳ್ಳೇ ಮಾತು ಕಣೇ ಅದು. ಸುಮ್ನೆ ಹಾಳಾಗೋದ್ಯಾಕೆ ಅಂತ ಪುಟ್ಟಿಗೆ ಕೊಟ್ಟೆ.”

“ಮಾತು ನಂದು. ಉತ್ತರ ಯಾರದು?”

“ಯಾರದು ಅಂದ್ರೆ? ಬಾಯಿಗೆ ಬಂತು, ಹೇಳಿದೆ.”

“ನನಗೆ ಹೇಳ್ಬೋದಿತ್ತು. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ.”

ಅಮ್ಮ ಕನ್ನಡಿಯೊಳಗಿನ ಮಗಳನ್ನು ನೋಡಿದಳು. “ನಿನ್ನೆದುರು ಬಂದ್ರೆ ನನ್ನ ನಾಲಿಗೆ ಒಣಗುತ್ತೆ. ನೀನು ನೋಡೋ ನೋಟ ಹಾಗಿರುತ್ತೆ. ಟೇಪಿಗೆ ಹೇಳೋದು ಸುಲಭ.” ಮಗಳ ಕೈ ಮಂಡಿಯ ಮೇಲೆ ನಿಂತಿತು. ಅಮ್ಮ ಹತ್ತಿಯನ್ನು ಬುಟ್ಟಿಗೆ ಎಸೆದು, ಕನ್ನಡಿಯತ್ತ ಬಾಗಿ ಹುಬ್ಬು ಒರೆಸಿಕೊಂಡಳು. “ಆದ್ರೂ ನೋಡು, ಬಣ್ಣ ಅನ್ನೋದಕ್ಕಿಂತ ಹಿಟ್ಟು ಅನ್ನೋದೇ ಚೆನ್ನಾಗಿದೆ. ಜನಕ್ಕೆ ಬೇಗ ಅರ್ಥ ಆಗುತ್ತೆ.”

ಮಗಳು ಮುಲಾಮಿನ ಮುಚ್ಚಳ ಹಾಕಿ ಎದ್ದಳು. ಅಮ್ಮನಿಗೆ ಚಪ್ಪಲಿ ತೊಡಿಸಿದಳು, ಊರುಗೋಲು ಕೊಟ್ಟು ರೆಟ್ಟೆ ಹಿಡಿದು ಹೊರಗೆ ಕರೆತಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಗೇಟಿನಲ್ಲಿ ನಾಲ್ಕೈದು ಜನ ಫೋನು ಹಿಡಿದು ನಿಂತಿದ್ದರು. ಅಮ್ಮ ಕೋಲನ್ನು ಮಗಳ ಕೈಗೆ ಕೊಟ್ಟು, ನೆಟ್ಟಗಾಗಿ, ಒಬ್ಬೊಬ್ಬರ ಗಲ್ಲವನ್ನೂ ಸವರಿದಳು.

ಕಾರು ಹೊರಟು ಸ್ವಲ್ಪ ಹೊತ್ತಿಗೇ ಅವಳಿಗೆ ನಿದ್ದೆ ಹತ್ತಿತು. ಮನೆಯ ಮುಂದೆ ನಿಂತಾಗಲೂ ಎಚ್ಚರವಾಗಲಿಲ್ಲ. ಬಾಯಿ ತೆರೆದಿತ್ತು, ತಲೆ ಗಾಜಿಗೆ ಒರಗಿತ್ತು.

“ಅಮ್ಮನನ್ನ ಎಬ್ಬಿಸ್ಲಾ ಅಕ್ಕಾ?” ಎಂದು ಚಾಲಕ ಮೆಲ್ಲಗೆ ಕೇಳಿದ.

“ಬೇಡ,” ಎಂದಳು ಮಗಳು. “ಇರ್ಲಿ.”

ಅವನು ಗಾಳಿ ತಣ್ಣಗೆ ಬರಲೆಂದು ಎಂಜಿನ್ ಆರಿಸದೆ ಕೂತ. ಎದುರು ಮನೆಯ ತಾರಸಿಯ ಮೇಲೆ ಹೆಂಗಸೊಬ್ಬಳು ಒಣಗಿದ ಬಟ್ಟೆ ತೆಗೆಯುವುದನ್ನು ಮಗಳು ನೋಡುತ್ತ ಕೂತಳು. ದೊಡ್ಡ ಹಾಸಿಗೆ ಹೊದಿಕೆಯೊಂದನ್ನು ಮಡಿಸಲು ಆಚೆ ತುದಿ ಹಿಡಿಯುವವರು ಯಾರೂ ಇರಲಿಲ್ಲ. ಅವಳು ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿಕೊಂಡು, ಕೈಗಳನ್ನು ಆದಷ್ಟು ಅಗಲಿಸಿ ಮಡಿಸುತ್ತ, ಗಾಳಿಗೆ ಬಿಚ್ಚಿಹೋದಾಗ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.