ಜೋಡಿಬಾಲ

"ಅತ್ತಿಗೆ, ಅಲ್ಲಿ ನೋಡಿ," ಎಂದ ಮೈದುನ.

ಬಿಳಿ ತಟ್ಟೆಯ ಮೂಲೆಯಲ್ಲಿ, ಕೊಳೆತ ಎಲೆಯ ಚೂರಿನ ಕೆಳಗಿಂದ ಅದು ಹೊರಬಂದಿತ್ತು. ಅಕ್ಕಿಕಾಳಿನಷ್ಟು ಉದ್ದದ ಚಪ್ಪಟೆ ಮೈ, ಆರು ಕಾಲು, ಹಿಂದೆ ಕೂದಲೆಳೆಯಂಥ ಎರಡು ಬಾಲ. ಪುಸ್ತಕದಲ್ಲಿ ಅದು ಕಲ್ಲುನೊಣದ ಮರಿ. ಹೊಳೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಜೋಡಿಬಾಲ. ತಣ್ಣಗೆ, ತಿಳಿಯಾಗಿ ಹರಿಯುವ ನೀರಿಲ್ಲದಿದ್ದರೆ ಅದು ಬದುಕದು. ಬಣ್ಣದ ಕಾರ್ಖಾನೆಯ ಮೋರಿ ಹೊಳೆಗೆ ಸೇರುವಲ್ಲಿಂದ ಕೆಳಗೆ ಅದನ್ನು ಕಂಡು ವರ್ಷಗಳೇ ಆಗಿದ್ದವು.

ಅತ್ತಿಗೆ ಚಿಮಟ ಹಿಡಿದವಳು ಹಾಗೇ ಕೂತಳು. ಓಣಿಗೆಲ್ಲ ಅವಳು ಹುಳದಮ್ಮ. ಹಂಗಾಮಿಗೊಮ್ಮೆ ಮೋರಿಗಿಂತ ಮೇಲೊಂದು ಕಡೆ, ಕೆಳಗೊಂದು ಕಡೆ ಮೊಣಕಾಲುದ್ದ ನೀರಿಗಿಳಿದು, ಕಾಲಿನಿಂದ ಕಲ್ಲು ಕದಡಿ, ಎದ್ದದ್ದನ್ನೆಲ್ಲ ಬಲೆಗೆ ಹಿಡಿದು, ಯಾವ ಹುಳ ಇದೆ, ಯಾವುದು ಇಲ್ಲ ಎಂದು ಪರಿಸರ ಇಲಾಖೆಗೆ ನೋಡಿ ಹೇಳುವುದು ಅವಳ ಕೆಲಸ. ಸೀಸೆಗೆ ತುಂಬಿದ ನೀರು ಆ ಹೊತ್ತಿನ ಮಾತನ್ನಷ್ಟೇ ಹೇಳೀತು. ಹುಳ ಹಾಗಲ್ಲ, ಹೊಳೆಯೊಳಗೇ ಸಂಸಾರ ಮಾಡಿದ್ದು. ಮನೆಯ ಗುಟ್ಟೆಲ್ಲ ಅದಕ್ಕೆ ಗೊತ್ತು.

ಹೊಳೆ ಕೆಟ್ಟ ಮೇಲೆ ಅರ್ಧ ಕಾರ್ಖಾನೆಗೆ ಬೀಗ ಬಿದ್ದಿತ್ತು. ಉಳಿದರ್ಧದ ನೀರನ್ನು ಹೊಸ ತೊಟ್ಟಿಗಳಲ್ಲಿ ಸೋಸಿ ಬಿಡುತ್ತಿದ್ದರು. ಕೆಳಗಿನ ಜಾಗಕ್ಕೆ ಜೋಡಿಬಾಲ ಮರಳಿದ ದಿನ ಬೀಗ ತೆಗೆಯುತ್ತೇವೆ ಎಂದು ಇಲಾಖೆ ಹೇಳಿತ್ತು. ಬೀಗ ಬಿದ್ದ ಅರ್ಧದಲ್ಲೇ ಮೈದುನನ ಕೆಲಸವಿದ್ದದ್ದು. ಆಗಿನಿಂದ ಅವನು, ಅವನ ಹೆಂಡತಿ, ಮಕ್ಕಳು ಅತ್ತಿಗೆಯ ದುಡಿಮೆಯಲ್ಲೇ ಉಣ್ಣುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಓರಗಿತ್ತಿ ಬಾಗಿಲಿಗೆ ಬಂದಿದ್ದಳು.

"ಅಕ್ಕಾ, ನಮ್ಮ ಬಾಳು ಇವತ್ತು ನಿಮ್ಮ ಹುಳದ ಕೈಲಿದೆ. ಅದಕ್ಕೆ ಕೈ ಇದ್ಯೋ ಇಲ್ವೋ."

"ಕಾಲು ಆರಿದೆ ಕಣೇ," ಎಂದು ನಗಿಸಲು ನೋಡಿದ್ದಳು ಅತ್ತಿಗೆ. ಓರಗಿತ್ತಿ ನಕ್ಕಿರಲಿಲ್ಲ.

"ಸಿಕ್ತಾ?" ದಡದ ಮೇಲಿದ್ದ ಕಾರ್ಖಾನೆಯ ಮ್ಯಾನೇಜರ್ ಪ್ಯಾಂಟು ಎತ್ತಿ ಹಿಡಿದು ಇಳಿದು ಬಂದ. "ಬರ್ಕೊಳ್ಳಿ ಸಾರ್, ಬರ್ಕೊಳ್ಳಿ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು.

ಇಲಾಖೆಯ ಅಧಿಕಾರಿ ಕನ್ನಡಕ ಏರಿಸಿ ತಟ್ಟೆಗೆ ಬಗ್ಗಿದರು. "ಅದೇ. ಅನುಮಾನವಿಲ್ಲ. ಇದು ಇಲ್ಲಿಯದೇ ತಾನೇನಮ್ಮ?"

ಅವರು ಯಾವಾಗಲೂ ಕೇಳುವ ಮಾತದು. ಆದರೆ ಈ ಸಲ ಅತ್ತಿಗೆಯ ಕಣ್ಣು ಬಲೆಯ ಕಡೆ ಹೊರಳಿತು. ಪ್ರತಿಸಲವೂ ಕೆಳಗಿನ ಜಾಗ ಮೊದಲು, ಮೇಲಿನದು ಆಮೇಲೆ. ಇಂದು ಮ್ಯಾನೇಜರ್ ತಡವಾಗಿ ಬರುತ್ತೇನೆಂದಿದ್ದರಿಂದ ಮೇಲಿನದನ್ನು ಮೊದಲು ಮುಗಿಸಿದ್ದರು. ಜೋಡಿಬಾಲ ತುಂಬಿರುವ ಜಾಗ ಅದು. ಜೊತೆಗೆ ಕೆಲಸ ಮಾಡುವವನಿಗೆ ಜ್ವರವೆಂದು ಅವಳನ್ನು ಮೈದುನನೇ ಬೈಕಿನಲ್ಲಿ ಕರೆತಂದಿದ್ದ. ಬಲೆ ತೊಳೆಯುವುದನ್ನು ಅವನಿಗೇ ಹೇಳಿದ್ದಳು.

"ಬಲೆ ತೊಳೆದೆ ತಾನೆ?" ಮೆಲ್ಲಗೆ ಕೇಳಿದಳು.

"ಹೂಂ ಅತ್ತಿಗೆ. ತೊಳೆದೆ." ಅವನು ಹೊಳೆಯ ಕಡೆ ನೋಡುತ್ತಿದ್ದ.

ಬಲೆ ತೊಳೆಯುವುದೆಂದರೆ ಅದ್ದಿ ತೆಗೆಯುವುದಲ್ಲ. ಒಳಗು ಹೊರಗು ಮಾಡಿ, ಹೊಲಿಗೆಯ ಸಂದಿಗೆಲ್ಲ ಬೆರಳು ತೂರಿಸಿ, ಹರಿಯುವ ನೀರಿನಲ್ಲಿ ಜಾಲಾಡಬೇಕು. ಜೋಡಿಬಾಲಕ್ಕೆ ಉಗುರಿದೆ; ದಾರ ಹಿಡಿದರೆ ಬಿಡದು. ತೊಳೆದವರ ತೋಳು ಭುಜದವರೆಗೆ ನೆನೆಯದೆ ಇರದು. ಮ್ಯಾನೇಜರ್ ಬರುತ್ತಾರೆಂದು ಮೈದುನ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟಿದ್ದ. ಮುಂಗೈಗೆ ಗುಂಡಿ ಹಾಕಿತ್ತು. ತೋಳಿನ ಇಸ್ತ್ರಿಗೆರೆ ಇನ್ನೂ ಕತ್ತಿಯಲಗಿನ ಹಾಗೆ ನಿಂತಿತ್ತು.

ತಟ್ಟೆಯ ನಿಂತ ನೀರಿನಲ್ಲಿ ಹುಳ ಮೈಯನ್ನು ಮೇಲೆ ಕೆಳಗೆ ಆಡಿಸತೊಡಗಿತು.

"ನೋಡಿ, ಪೈಲ್ವಾನ. ಖುಷಿಗೆ ದಂಡ ಹೊಡೀತಿದಾನೆ," ಎಂದ ಮ್ಯಾನೇಜರ್.

"ಖುಷಿಗಲ್ಲ ಸಾರ್. ಉಸಿರು ಸಾಲ್ತಿಲ್ಲ ಅದಕ್ಕೆ," ಎಂದಳು ಅತ್ತಿಗೆ.

ಇಲ್ಲಿಯದೇ ಇದ್ದರೂ ಇರಬಹುದು. ಹೂಂ ಎಂದರೆ ಸಾಕಿತ್ತು, ಕೇಳುವವರು ಯಾರು? ಅಧಿಕಾರಿ ಪೆನ್ನಿನ ಟೋಪಿ ತೆಗೆದರು. ಮೈದುನ ಉಸಿರು ಹಿಡಿದದ್ದು ಅವಳಿಗೆ ಕೇಳಿಸಿತು.

"ಬರೀಬೇಡಿ ಸಾರ್," ಎಂದಳು. "ಬಲೆ ತೊಳೆಯೋದು ಮರೆತೆ ನಾನು. ಮೇಲಿಂದ ಅಂಟ್ಕೊಂಡು ಬಂದಿರಬಹುದು. ಇನ್ನೊಂದ್ಸಲ ಇಳೀತೀನಿ."

"ಇಷ್ಟು ವರ್ಷ ಮರೀದವರು ಇವತ್ತೇ ಮರೆತ್ರಾ?" ಮ್ಯಾನೇಜರನ ಮುಖ ಗಂಟಾಯಿತು.

"ವಯಸ್ಸಾಯ್ತಲ್ಲ."

ಮೈದುನ ಬಾಯಿ ತೆರೆದ. ಅತ್ತಿಗೆ ಅವನ ಕೈಗೆ ಸೀಸೆ ತುರುಕಿದಳು. "ಅದನ್ನ ಇದರಲ್ಲಿ ಹಾಕು. ನೆರಳಲ್ಲಿಡು. ನೀರು ಬದಲಾಯಿಸ್ತಿರು."

ಬಲೆಯನ್ನು ತಾನೇ ತೊಳೆದು ಮತ್ತೆ ನೀರಿಗಿಳಿದಳು. ಮೊದಲು ಕದಡಿದ ಜಾಗಕ್ಕಿಂತ ತುಸು ಮೇಲೆ, ಇನ್ನೂ ಕಾಲಿಡದ ಕಲ್ಲುಗಳನ್ನು ಕದಡಿದಳು. ಹುಳ ಬರಲಿ ಎಂದಾಗಲಿ ಬಾರದಿರಲಿ ಎಂದಾಗಲಿ ಈವರೆಗೆ ಬೇಡಿಕೊಂಡವಳಲ್ಲ. ಇಂದು ಹಿಮ್ಮಡಿ ಬೇಡುತ್ತಿತ್ತು.

ತಟ್ಟೆಯಲ್ಲಿ ಕೆಸರು ಕೂರುವವರೆಗೆ ಕಾದರು. ಕೆಂಪು ಹುಳಗಳು, ಜಿಗಣೆ, ಒಂದು ಬಸವನಹುಳು. ಆಮೇಲೆ ಎಲೆಯ ಅಂಚಿನಲ್ಲಿ ಏನೋ ಚುರುಕಾಗಿ ಈಜಿತು. ಎರಡು ಬಾಲ. ಅಧಿಕಾರಿ ಇನ್ನಷ್ಟು ಬಗ್ಗಿದರು, ಮ್ಯಾನೇಜರ್ ಅವರ ಹೆಗಲ ಮೇಲಿಂದ ಇಣುಕಿದ. ಅತ್ತಿಗೆ ಭೂತಗನ್ನಡಿ ಇಳಿಸಿದಳು. ಮೂರನೆಯ ಬಾಲದ ಮೋಟು ಕಂಡಿತು. ಹೊಟ್ಟೆಯ ಎರಡು ಬದಿಗೂ ಸಣ್ಣ ಎಲೆಗಳಂಥ ಕಿವಿರು, ಜೋಡಿಬಾಲಕ್ಕೆ ಇಲ್ಲದ್ದು.

"ಮೂರುಬಾಲ," ಎಂದಳು. "ಒಂದು ಮುರಿದಿದೆ."

ಅಧಿಕಾರಿ ನಿಟ್ಟುಸಿರಿಟ್ಟರು. "ಹೋದ ಸಲ ಇದೂ ಇರಲಿಲ್ಲ. ಹೊಳೆ ಕಣ್ಣು ಬಿಡ್ತಿದೆ. ಮುಂದಿನ ಹಂಗಾಮಿಗೆ ನೋಡೋಣ." ಆಮೇಲೆ ಬೇರೆ ದನಿಯಲ್ಲಿ, "ಬಲೆಯ ವಿಷಯ ನಾನು ಮೇಲಿನವರಿಗೆ ಹೇಳಬೇಕಾಗುತ್ತಮ್ಮ," ಎಂದರು.

"ಹೇಳಿ ಸಾರ್."

ಮ್ಯಾನೇಜರನ ಜೀಪು ಧೂಳೆಬ್ಬಿಸಿ ಹೋಯಿತು.

ಬೈಕಿನ ಹಿಂದೆ ಕೂತ ಅತ್ತಿಗೆಯ ಮಡಿಲಲ್ಲಿ ಸೀಸೆಯಿತ್ತು. ಮನೆಯ ತಿರುವಿನಲ್ಲಿ ಮೈದುನ ತಿರುಗಲಿಲ್ಲ. ನೇರ ಮೇಲಿನ ಜಾಗಕ್ಕೆ ಹೋಗಿ ನಿಲ್ಲಿಸಿದ.

"ಮನೇಲಿ ಏನಂತ ಹೇಳ್ಲಿ ಅತ್ತಿಗೆ?"

"ಬಲೆ ತೊಳೆಯೋದು ಮರೆತು ಹೋಯ್ತು ಅಂತ ಹೇಳು."

"ಯಾರು ಮರೆತಿದ್ದು ಅಂತ ಕೇಳಿದ್ರೆ?"

ಅವಳು ಸೀಸೆಯ ಮುಚ್ಚಳ ತಿರುಗಿಸುತ್ತ ನೀರಿಗೆ ಬಗ್ಗಿದಳು. ಜೋಡಿಬಾಲ ಸೀಸೆಯ ಬಾಯಲ್ಲಿ ಒಂದು ಗಳಿಗೆ ತಡೆದು, ಕಲ್ಲಿನ ಅಡಿಗೆ ಸರಿಯಿತು.

ಅವಳು ತಲೆಯೆತ್ತುವಷ್ಟರಲ್ಲಿ ಮೈದುನ ಬಲೆ ತೆಗೆದುಕೊಂಡು ನೀರಿಗಿಳಿದಿದ್ದ. ಮುಂಗೈಯ ಗುಂಡಿ ಬಿಚ್ಚಿರಲಿಲ್ಲ. ಅವಳು ಆಗಲೇ ತೊಳೆದಿದ್ದ ಬಲೆಯನ್ನು ಒಳಗು ಹೊರಗು ಮಾಡಿ, ಹೊಲಿಗೆಯ ಸಂದಿಗೆ ಬೆರಳು ತೂರಿಸಿ, ಹರಿಯುವ ನೀರಿನಲ್ಲಿ ಜಾಲಾಡುತ್ತಲೇ ಇದ್ದ. ಅಂಗಿಯ ತೋಳು ಭುಜದವರೆಗೂ ಮೈಗಂಟಿತ್ತು.