ಮಳೆ ಬಂದಾಗ ತೆಗೆಯುವ ಪುಸ್ತಕ

ವೇದವತಿ ಮೇಡಂಗೆ ಒಂದು ಹಟವಿತ್ತು: ಮಳೆಯ ಪುಸ್ತಕವನ್ನು ಮಳೆ ಬಂದಾಗಲೇ ತೆಗೆಯಬೇಕು. ಅಗ್ರಹಾರದ ಆ ಸಣ್ಣ ಶಾಲೆಯ ಒಂದನೇ ತರಗತಿಗೆಂದು ಅವರೇ ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಚಿತ್ರ ಬರೆದು, ಪದ್ಯ ಕಟ್ಟಿ, ಗೋಣಿದಾರದಲ್ಲಿ ಹೊಲಿದ ಮೂರು ಪುಸ್ತಕಗಳಿದ್ದವು. ಮಳೆಗೊಂದು, ಚಳಿಗೊಂದು, ಬೇಸಿಗೆಗೊಂದು. ಒಂದು ಹೊರಗಿದ್ದರೆ ಉಳಿದೆರಡು ಟ್ರಂಕಿನಲ್ಲಿ, ಬೇವಿನ ಸೊಪ್ಪಿನ ನಡುವೆ. ಅವರೆಕಾಯಿಯ ಪದ್ಯವನ್ನು ಅವರೆಕಾಯಿ ಕಾಲದಲ್ಲೇ ಓದಿದರೆ ಮಕ್ಕಳ ಮೂಗಿಗೆ ಸೊಗಡು ಹತ್ತುತ್ತದೆ ಎನ್ನುತ್ತಿದ್ದರು. ಇನ್ಸ್‌ಪೆಕ್ಟರು ಒಮ್ಮೆ ಭೇಷ್ ಎಂದು ಹೋದ ಮೇಲಂತೂ ಆ ಹಟಕ್ಕೆ ಕೊಂಬು ಮೂಡಿತ್ತು.

1997ರ ಜೂನಿನಲ್ಲಿ ಸಿಂಚನ ಸೇರಿದಳು. ಮೂರನೇ ವಯಸ್ಸಿನ ಜ್ವರದಲ್ಲಿ ಮಾತು ನಿಂತುಹೋದ ಹುಡುಗಿ. ಬೀದಿ ತುದಿಯಲ್ಲಿ ಹೂವು ಮಾರುವ ಅಜ್ಜಿ ಶಿವನಂಜಮ್ಮ, “ಒಂದ್ವರ್ಸ ಕೂರುಸ್ಕಳಿ ಮೇಡಂ. ಮಾತು ಬಂದ್ರೆ ಓದ್ಲಿ, ಇಲ್ದಿದ್ರೆ ನನ್ ಜೊತೆ ಹೂ ಕಟ್ಲಿ,” ಎಂದು ಬಿಟ್ಟುಹೋದರು.

ಮಳೆಗಾಲವಿಡೀ ಸಿಂಚನ ಆ ಪುಸ್ತಕದ ಮುಂದೆಯೇ ಕೂತಳು. ಉಳಿದವರು ಸ್ಲೇಟು ಬಡಿಯುತ್ತಾ, “ಹೆಂಚಿನ ಮೇಲೆ ಟಪ ಟಪ ಹನಿ, ಕೋಳಿಮರಿಗೆ ರೆಕ್ಕೆಯೇ ಮನೆ” ಎಂದು ಕಿರುಚುವಾಗ ಅವಳು ಚಿತ್ರದ ಕೋಳಿಮರಿಯ ಮೇಲೆ ಬೆರಳಿಡುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ದೀಪಾವಳಿ ಕಳೆದು ಪುಸ್ತಕ ಟ್ರಂಕಿಗೆ ಹೋಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋಗಿದ್ದಾಗ, ವೇದವತಿ ಬೇಸಿಗೆಯ ಪುಸ್ತಕಕ್ಕಾಗಿ ಟ್ರಂಕು ತೆರೆದರು. ಹಿಂದಿನಿಂದ ಯಾರೋ ಸೆರಗೆಳೆದರು.

“ಮಿಸ್, ಕೋಳಿಮರಿ ಪುಸ್ತಕ ಕೊಡಿ.”

ಒಡಕು ದನಿ. ಸಿಂಚನಳದೇ! ವೇದವತಿ ಗಕ್ಕನೆ ತಿರುಗಿದರು. ಆಗ ಕೊಟ್ಟುಬಿಡಬೇಕಿತ್ತು. ಪುಸ್ತಕ ಕೈಗೆಟಕುವಷ್ಟು ಹತ್ತಿರವಿತ್ತು. ಆದರೆ ಇಪ್ಪತ್ತು ವರ್ಷದ ರೂಢಿ, ಜೊತೆಗೆ ಆಸೆ ಉಳಿಸಿದರೆ ಇನ್ನಷ್ಟು ಮಾತಾಡಿಯಾಳೆಂಬ ಜಾಣತನ ಬೇರೆ. “ಮಳೆ ಬರ್ಲಿ ಕಣಮ್ಮ, ಆಗ ಕೊಡ್ತೀನಿ,” ಎಂದುಬಿಟ್ಟರು.

ಮರುದಿನ ತಾವೇ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟರು. ಸಿಂಚನ ಕಿಟಕಿಯಾಚೆ ನೋಡಿದಳು. ಬಿಸಿಲು ಸುಡುತ್ತಿತ್ತು. ಪುಸ್ತಕವನ್ನು ಬಿಚ್ಚದೆ ಹಿಂದಕ್ಕೆ ಕೊಟ್ಟಳು. ಆಮೇಲೆ ಬೇಡಿಕೊಂಡರೂ ಬಾಯಿ ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಶಿವನಂಜಮ್ಮ ಮೊಮ್ಮಗಳನ್ನು ಕರೆದೊಯ್ಯಲು ಬಂದರು.

“ಬಿಡಿಸ್ಬೇಡಿ ಅಮ್ಮ, ಅವಳು ಮಾತಾಡಿದ್ಲು. ನನ್ನಾಣೆ.”

“ಇನ್ಯಾರ್ ಕೇಳುಸ್ಕಂಡ್ರು?”

“ನಾನೊಬ್ಳೇ.”

ಮುದುಕಿ ಸಿಟ್ಟಾಗಲಿಲ್ಲ. ವೇದವತಿಯ ಕೈ ಹಿಡಿದು, “ನಂಗೂ ಅಂಗೇ ಕೇಳುಸ್ತದೆ ಮೇಡಂ, ನಿದ್ದೇಲಿ,” ಎಂದರು.

ಜೂನಿನ ಮೊದಲ ಮಳೆಗೆ ವೇದವತಿ ತರಗತಿಯನ್ನು ಹಾಗೇ ಬಿಟ್ಟು, ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಬೀದಿ ತುದಿಗೆ ಓಡಿದರು. ಪ್ಲಾಸ್ಟಿಕ್ ಹಾಳೆಯ ಕೆಳಗೆ ಸಿಂಚನ ಒಬ್ಬಳೇ ಹೂ ಕಟ್ಟುತ್ತಿದ್ದಳು.

“ಮಳೆ ಬಂತು ಕಣಮ್ಮ. ತಗೋ, ನೋಡು.”

ಹುಡುಗಿ ತೆರೆದ ಪುಟವನ್ನು ನೋಡಿದಳು. ಕೋಳಿಮರಿಯ ಮೇಲೆ ಬೆರಳಿಡಲಿಲ್ಲ, ತುಟಿಯೂ ಅಲುಗಲಿಲ್ಲ. ವೇದವತಿ ಇನ್ನೂ ನಿಂತೇ ಇದ್ದುದನ್ನು ಕಂಡು, ಬುಟ್ಟಿಯಿಂದ ಮಲ್ಲಿಗೆ ತೆಗೆದು, ತನ್ನ ಪುಟ್ಟ ಕೈಯಲ್ಲಿ ಒಂದು ಮೊಳ ಅಳೆದು ಹರಿದು, ಅವರತ್ತ ಚಾಚಿದಳು.